ಸುಣ್ಣ ಸೇರಿ ಹಾರಿಹೋದ ಗೊಬ್ಬರ

ಸೆಪ್ಟೆಂಬರಿನ ಮಳೆ ಎರಡು ದಿನದಿಂದ ಬಿಡುವು ಕೊಟ್ಟಿತ್ತು. ಬಾಳೂರಿನ ಮೇಲಿರುವ ವೆಂಕಟೇಶ ಗೌಡರ ಎಸ್ಟೇಟಿನ ಕಣದಲ್ಲಿ ನಲವತ್ತು ಆಳುಗಳು ಹಾಜರಿಗೆ ನಿಂತಿದ್ದರು. ಹೆಸರು ಕೂಗುತ್ತಿದ್ದ ರೈಟರ್ ಹಾಲೇಶ್, ತಿಮ್ಮಮ್ಮನ ಹೆಸರು ಬಂದಾಗ ಪುಸ್ತಕ ಮಡಚಿದ.

"ನಮ್ಮ ಕೆಳಗಿನ ಐದೆಕರೆ ಕಾಫಿ ಪೂರ್ತಿ ಹಳದಿ. ಪಕ್ಕದಲ್ಲೇ ತಿಮ್ಮಮ್ಮನ ತೋಟ ಹಚ್ಚಗಿದೆ. ಗೌಡ್ರ ಗೊಬ್ಬರ ಬೇಲಿ ಹಾರಿದ್ದು ಹ್ಯಾಗೆ ಅಂತ ತಿಮ್ಮಮ್ಮನ್ನೇ ಕೇಳಿ."

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ತಿಮ್ಮಮ್ಮನ ಕುತ್ತಿಗೆಯಿಂದ ಕಿವಿಯವರೆಗೆ ಬಿಸಿ ಏರಿತು. ಮಾತನಾಡಿದರೆ ಕೈ ಎತ್ತಿಬಿಡುತ್ತೇನೇನೋ ಎನಿಸಿ, ಸೆರಗು ಸೊಂಟಕ್ಕೆ ಸಿಕ್ಕಿಸಿ ಅಲ್ಲಿಂದ ನಡೆದಳು.

ಅವಳಿಗೆ ಐವತ್ತೆಂಟು. ಎಸ್ಟೇಟಿಗೆ ಅಂಟಿಕೊಂಡು ಒಂದೂಕಾಲು ಎಕರೆ ಸ್ವಂತ ಕಾಫಿಯಿದೆ. ಅದರಲ್ಲಿ ಹೊಟ್ಟೆ ತುಂಬದ್ದಕ್ಕೆ ಮೂವತ್ತೊಂದು ವರ್ಷದಿಂದ ಗೌಡರಲ್ಲಿ ಗೊಬ್ಬರ ಹಾಕುವ ಹೆಂಗಸರ ಮುಂದಾಳು. ಬುಡಕ್ಕೆ ಗೊಬ್ಬರ ಸುರಿದು ಹೋಗುವ ಪೈಕಿ ಅವಳಲ್ಲ. ಬುಡದಿಂದ ಒಂದು ಮೊಳ ಆಚೆ ತರಗೆಲೆ ಸರಿಸಿ, ಸುತ್ತ ಬಳೆಯ ಹಾಗೆ ಉದುರಿಸಿ, ಮತ್ತೆ ತರಗೆಲೆ ಮುಚ್ಚಬೇಕು. ಒಂದು ಗಿಡ ತಪ್ಪಿಸಿದ ಹೆಂಗಸನ್ನು ಸಾಲಿನ ತುದಿಯಿಂದ ವಾಪಸು ಕಳಿಸಿದ್ದುಂಟು. ಈಗ ಅವಳೇ ಕಳ್ಳಿ.

ಗೌಡರ ಬಂಗಲೆಯ ಮೆಟ್ಟಿಲ ಮುಂದೆ ನಿಂತು, ಹಳದಿ ತಾಕಿಗೆ ಈಗಲೇ ಬರಬೇಕು, ರೈಟರನ್ನೂ ಕರೆತರಬೇಕು ಎಂದಳು. ಕಾಫಿ ಲೋಟ ಹಿಡಿದಿದ್ದ ಗೌಡರು ಆಮೇಲೆ ನೋಡೋಣ ಎಂದರು. ಅವಳು ಮೆಟ್ಟಿಲ ಬಳಿಯಿಂದ ಕದಲಲಿಲ್ಲ. ಅವರು ಲೋಟ ಕೆಳಗಿಟ್ಟರು.

ದಾರಿಯುದ್ದಕ್ಕೂ ಅವಳ ತಲೆಯಲ್ಲಿ ಮೇ ತಿಂಗಳಲ್ಲಿ ನಡೆದದ್ದೇ ಕುದಿಯುತ್ತಿತ್ತು. ಮಣ್ಣಿನ ಹುಳಿ ತಗ್ಗಿಸುವ ಸುಣ್ಣ ಮೊದಲು ಹಾಕಬೇಕು, ಮೂರು ನಾಲ್ಕು ವಾರ ಬಿಟ್ಟು ಗೊಬ್ಬರ ಎಂದು ಅವಳು ಹೇಳಿದ್ದಳು. ಹಾಲೇಶ್‌ಗೆ ಎರಡು ಸಲ ಆಳು ಹಚ್ಚುವುದು ದಂಡವೆನಿಸಿತು. ಅರಳಿದ ಸುಣ್ಣ, ಯೂರಿಯಾ, ಡಿಎಪಿ ಮೂರನ್ನೂ ಶೆಡ್ಡಿನಲ್ಲಿ ಒಂದೇ ರಾಶಿ ಮಾಡಿ ಸಲಿಕೆಯಿಂದ ಕಲಸಿಸಿದ. ಎದುರಾಡಿದ್ದಕ್ಕೆ, ತಿಮ್ಮಮ್ಮ ಯಾವ ಕಾಲೇಜಿನ ವಿಜ್ಞಾನಿ ಎಂದು ಎಲ್ಲರೆದುರು ಕೇಳಿ ನಗಿಸಿದ. ಅಡ್ಡಮಳೆಗೆ ಶೆಡ್ಡು ಸೋರಿ ರಾಶಿ ಒದ್ದೆಯಾಯಿತು. ಮೂರನೇ ದಿನ ಬುಟ್ಟಿಗೆ ತುಂಬುವಾಗ ಹೆಂಗಸರ ಕಣ್ಣಲ್ಲಿ ನೀರು, ಮೂಗಿಗೆ ಸೆರಗು. ಆ ಘಾಟು ಏನೆಂದು ಒಬ್ಬರೂ ಕೇಳಲಿಲ್ಲ.

ತಾಕಿನಲ್ಲಿ ಅವಳು ಮೊದಲ ಗಿಡದ ಅಡ್ಡರೆಂಬೆ ಎತ್ತಿ ಹಿಡಿದಳು. ಕೆಳಗಿನ ಹಳೆಯ ಎಲೆಗಳು ಅರಿಶಿನದ ಬಣ್ಣ, ತುದಿಯ ಚಿಗುರಲ್ಲಿ ಇನ್ನೂ ಒಂದಿಷ್ಟು ಹಸಿರು. ಎಲೆ ಹಸಿರಾಗುವುದಕ್ಕೂ ಗಿಡ ಬೆಳೆಯುವುದಕ್ಕೂ ಸಾರಜನಕ ಬೇಕು; ಬೇರಿನಿಂದ ಬಾರದಿದ್ದರೆ ಗಿಡ ಹಳೆಯ ಎಲೆಯಿಂದಲೇ ಅದನ್ನು ಎಳೆದು ಚಿಗುರಿಗೆ ಸಾಗಿಸುತ್ತದೆ. ಬಣಕಲ್ಲಿನಲ್ಲಿ ನಡೆದ ಒಂದು ತರಬೇತಿಯಲ್ಲಿ ಇದನ್ನು ಕೇಳಿದ್ದಳು. ಗಾಳಿಯ ಮುಕ್ಕಾಲಿಗಿಂತ ಹೆಚ್ಚು ಪಾಲು ಸಾರಜನಕವೇ ಆಗಿದ್ದರೂ ಗಿಡ ಅದನ್ನು ನೇರವಾಗಿ ಹೀರಲಾರದು, ಮಣ್ಣಿನ ನೀರಲ್ಲಿ ಕರಗಿ ಬೇರಿಗೆ ಸಿಕ್ಕಬೇಕು ಎಂಬುದನ್ನೂ.

"ಅದೇ ನಾನೂ ಹೇಳೋದು, ಗೊಬ್ಬರ ಬಿದ್ದಿಲ್ಲ," ಎಂದ ಹಾಲೇಶ್.

ತಿಮ್ಮಮ್ಮ ಕುಕ್ಕರಗಾಲಲ್ಲಿ ಕೂತು ತರಗೆಲೆ ಬಾಚಿದಳು. ಕೆಳಗೆ ಬಳೆಯಾಕಾರದಲ್ಲಿ ಸುಣ್ಣದ ಗಂಟುಗಳು ಬೆಳ್ಳಗೆ ಕೂತಿದ್ದವು. ಮುಂದಿನ ಗಿಡ, ಅದರ ಮುಂದಿನದು, ಸಾಲಿನ ಕೊನೆಯದು: ಎಲ್ಲ ಕಡೆ ಅದೇ ಬಳೆ.

"ಸುಣ್ಣ, ಗೊಬ್ಬರ ಒಂದೇ ರಾಶಿ ಮಾಡಿದ್ದು ನೀವು, ರೈಟ್ರೇ. ಸುಣ್ಣ ಇಲ್ಲಿದೆ. ಅದರೊಳಗಿಂದ ಗೊಬ್ಬರದ ಕಾಳು ಮಾತ್ರ ಆರಿಸಿ ಒಯ್ದೆನಾ ನಾನು?"

ಹಾಗಾದರೆ ಗೊಬ್ಬರ ಹೋದದ್ದೆಲ್ಲಿಗೆ ಎಂದು ಗೌಡರು ಕೇಳಿದರು.

ಅವಳು ಬರುವಾಗಲೇ ಶೆಡ್ಡಿನಿಂದ ಹಿಡಿಯಷ್ಟು ಡಿಎಪಿ ಹಿಡಿದು ಬಂದಿದ್ದಳು. ಅಂಗೈಯಲ್ಲಿ ನಾಲ್ಕು ಕಾಳು ಇಟ್ಟು ಕಲ್ಲಿನಿಂದ ಪುಡಿ ಮಾಡಿ, ಸೊಂಟದ ಚೀಲದಿಂದ ಎಲೆಯಡಿಕೆಯ ಸುಣ್ಣ ತೆಗೆದು, ಎರಡು ಹನಿ ನೀರು ಚಿಮುಕಿಸಿ ಹೆಬ್ಬೆರಳಿಂದ ತಿಕ್ಕಿದಳು. ಅಂಗೈಯನ್ನು ಗೌಡರ ಮೂಗಿನ ಹತ್ತಿರ ತಂದಳು. ಅವರು ತಲೆ ಹಿಂದಕ್ಕೆಳೆದು ಕೆಮ್ಮಿದರು.

"ಇದೇ ಗೌಡ್ರೇ ನಿಮ್ಮ ಗೊಬ್ಬರ. ಸುಣ್ಣ ಸೇರಿ ಒದ್ದೆಯಾದ್ರೆ ಅದರ ಸಾರಜನಕ ಹೀಗೆ ಘಾಟಾಗಿ ಹೋಗ್ತದೆ. ಬೇಲಿ ಹಾರ್ಲಿಲ್ಲ, ಗಾಳಿಗೆ ಹಾರ್ತು. ನಮ್ಮ ಹೆಂಗಸ್ರ ಕಣ್ಣು ಉರಿಸಿ ಹೋಯ್ತು."

ಅವಳ ತೋಟ ಹಸಿರಾಗಿದ್ದಕ್ಕೆ ಉತ್ತರವೂ ಬೇಲಿಯಾಚೆಯೇ ಇತ್ತು. ಅಲ್ಲಿ ನೆರಳಿಗೆ ಹಾಲುವಾಣದ ಮರಗಳು. ಎಸ್ಟೇಟಿನಲ್ಲಿ ಅವನ್ನು ಕಡಿಸಿ ಸಿಲ್ವರ್ ಓಕ್ ನೆಟ್ಟು ಹತ್ತು ವರ್ಷ. ಹಾಲುವಾಣದ ಎಳೆಬೇರೊಂದನ್ನು ಬಗೆದು ತೋರಿಸಿದಳು. ಬೇರಿನ ಮೇಲೆ ರಾಗಿಗಿಂತ ದಪ್ಪ ಗಂಟುಗಳು. ಅವುಗಳೊಳಗಿನ ಕಣ್ಣಿಗೆ ಕಾಣದ ಜೀವಿಗಳು ಗಾಳಿಯ ಸಾರಜನಕವನ್ನು ಹಿಡಿದು ಮರಕ್ಕೆ ಕೊಡುತ್ತವೆ; ಉದುರಿದ ಸೊಪ್ಪು ಕೊಳೆತು ಅದು ಕಾಫಿಗೂ ಸಿಗುತ್ತದೆ. ಸಾಲದ್ದಕ್ಕೆ ಮನೆಯ ಎರಡು ದನಗಳ ಗೊಬ್ಬರ.

ಗೌಡರು ಬೇರಿನ ಗಂಟೊಂದನ್ನು ಉಗುರಿನಿಂದ ಕಿತ್ತು ನೋಡಿದರು. "ಆಗಿದ್ದು ಆಯ್ತು ಬಿಡು ತಿಮ್ಮಮ್ಮ. ನಾಳೆಯಿಂದ ಇನ್ನೊಂದು ಸಲ ಗೊಬ್ಬರ ಹಾಕ್ಸಿಬಿಡುವ."

ಅವಳ ಸಿಟ್ಟಿಗೆ ಈ ಮಾತೇ ತುಪ್ಪ ಸುರಿಯಿತು. ಗಿಡಕ್ಕೆ ಇನ್ನೊಂದು ಸಲ ಹಾಕಬಹುದು. ನಲವತ್ತು ಜನರ ಬಾಯಿಂದ ಸಂಜೆಯೊಳಗೆ ಮನೆಮನೆ ಸೇರುವ ಹೆಸರಿಗೆ ಏನು ಹಾಕುವುದು? ಕಳ್ಳಿ ಅಂದದ್ದು ಕಣದಲ್ಲಿ ಎಲ್ಲರೆದುರು, ಬಿಡು ಅನ್ನುವುದು ಈ ಪೊದೆಯ ಮರೆಯಲ್ಲೋ? ರೈಟರು ಕಣದಲ್ಲೇ ತಪ್ಪೊಪ್ಪುವವರೆಗೆ ತನ್ನ ಹನ್ನೊಂದು ಹೆಂಗಸರಲ್ಲಿ ಒಬ್ಬಳೂ ನಾಳೆ ಬುಟ್ಟಿ ಮುಟ್ಟುವುದಿಲ್ಲ ಎಂದು ಹೇಳಿ ಮನೆಗೆ ಹೋದಳು.

ಮರುದಿನ ಹೆಂಗಸರು ಕಣದ ಒಂದು ಬದಿ ಕೈಕಟ್ಟಿ ನಿಂತರು. ಗೊಬ್ಬರದ ಚೀಲಗಳು ಬಾಯಿ ಬಿಚ್ಚಿಕೊಂಡು ಕಾದಿದ್ದವು. ಕಳಸದ ಕಡೆ ಮೋಡ ಕಟ್ಟುತ್ತಿತ್ತು. ಗೌಡರು ರೈಟರನ್ನು ನೋಡಿದರು. ಹಾಲೇಶ್ ಹಾಜರಿ ಪುಸ್ತಕದೊಳಕ್ಕೆ ತಲೆ ಹಾಕಿ, ಗೊಬ್ಬರದ ವಿಷಯದಲ್ಲಿ ತಿಮ್ಮಮ್ಮನವರ ತಪ್ಪಿಲ್ಲ, ಕಲಸಿಸಿದ್ದು ತನ್ನದೇ ತಪ್ಪು ಎಂದು ಗೊಣಗಿದ.

"ನಿನ್ನೆ ಹಿಂದಿನ ಸಾಲಿಗೂ ಕೇಳಿತ್ತು ರೈಟ್ರೇ," ಎಂದಳು ತಿಮ್ಮಮ್ಮ. "ಇವತ್ತೂ ಕೇಳ್ಬೇಕು."

ಅವನು ತಲೆ ಎತ್ತಿ ಇನ್ನೊಮ್ಮೆ ಹೇಳಿದ. ಈ ಸಲ ಎಲ್ಲರಿಗೂ ಕೇಳಿಸಿತು. ತಿಮ್ಮಮ್ಮ ಅವನತ್ತ ನೋಡದೆ ಬುಟ್ಟಿ ಎತ್ತಿಕೊಂಡಳು. ಸಿಟ್ಟು ಇಳಿದಿರಲಿಲ್ಲ; ಮೊದಲ ಸಾಲಿನಲ್ಲಿ ಅವಳು ತರಗೆಲೆ ಸರಿಸಿದ ರಭಸಕ್ಕೆ ಪಕ್ಕದವಳು ಎರಡು ಹೆಜ್ಜೆ ದೂರ ಸರಿದು ನಿಂತಳು.