ಆ ಮನೆಯಲ್ಲಿ ಒಬ್ಬಳಿದ್ದಳು

ನಮ್ಮ ಚಿದ್ರಿಯ ವೈಜಿನಾಥರಿಗೆ ದೆವ್ವ ಮೆಟ್ಟಿದೆ ಎಂದು ಓಣಿಯವರು ನಗುತ್ತಿದ್ದ ಕಾಲವೊಂದಿತ್ತು. ಪಕ್ಕದ ಮನೆಯವನಾದ ನನಗೆ ಆ ನಗು ಎಂದೂ ಹಿಡಿಸಲಿಲ್ಲ.

ಬ್ಯಾಂಕಿಗೆ ಅಡವಿಡುವ ಆಸ್ತಿಗಳ ಬೆಲೆ ಕಟ್ಟುವುದು ಅವರ ಉದ್ಯೋಗ. ಬೀದರಿನ ಒಂದು ಬ್ಯಾಂಕಿನ ಪ್ಯಾನಲಿನಲ್ಲಿ, ಅಂದರೆ ಬೆಲೆ ಕಟ್ಟುವವರ ಪಟ್ಟಿಯಲ್ಲಿ, ಅವರ ಹೆಸರು ಬಹಳ ವರ್ಷಗಳಿಂದ ಇತ್ತು. ಟೇಪು ಹಿಡಿದು ಅಳೆದು, ಬ್ಯಾಂಕಿನ ಆ್ಯಪಿನಲ್ಲೇ ಫೋಟೊ ತೆಗೆದು, ಮನೆಯಲ್ಲಿ ಯಾರಿದ್ದಾರೆ ಎಂಬುದನ್ನೂ ಬರೆದು ಕಳಿಸುತ್ತಿದ್ದರು.

ಭಾಲ್ಕಿಯಲ್ಲಿ ದಿಲೀಪ ಎಂಬ ವ್ಯಾಪಾರಿ, ತೀರಿಹೋದ ತಂದೆಯ ಹಳೇ ಮನೆ ಕೆಡವಿ ಅಂಗಡಿ ಕಟ್ಟಲು ಸಾಲ ಕೇಳಿದ್ದ. ಮನೆ ಖಾಲಿ ಇದೆ ಎಂದಿದ್ದ. ವೈಜಿನಾಥರು ಹೋದಾಗ ಬಾಗಿಲು ತೆಗೆದವಳು ಸುಂದರಬಾಯಿ ಎಂಬ ಐವತ್ತರ ಆಸುಪಾಸಿನ ಹೆಂಗಸು. ಅಳೆದು ಮುಗಿಸಿ ಅವರು ಹೊರಡುವಾಗ ಆಕೆ ಕೇಳಿದಳು.

"ಸಾಹೇಬ್ರ, ನಾ ಇಲ್ಲೇ ಇದೇನಿ ಅಂತ ಬರೀತೀರಿಲ್ರಿ?"

"ಬರೀತೇನಿ ತಾಯಿ. ಕಣ್ಣಿಗಿ ಕಂಡಿದ್ದು ನಾ ಬಿಡಲ್ಲ."

ಬರೆದರು. ವಾರ ತುಂಬುವುದರೊಳಗೆ ಅವರ ಪಾಲಿಗೆ ಆ್ಯಪು ಬಂದ್ ಆಯಿತು, ಕೆಲಸ ಬರುವುದು ನಿಂತಿತು. ಶಾಖೆಗೆ ಹೋದರೆ ಚಹಾ ತರಿಸಿದರು, ಕಾರಣ ಹೇಳಲಿಲ್ಲ. "ಮ್ಯಾಲಿಂದ ಬಂದದರಿ, ಪ್ಯಾನಲಿಂದ ನಿಮಗ ತಗದಾರ. ಯಾಕ ಅಂತ ನಮಗೂ ಗೊತ್ತಿಲ್ಲ" ಎಂದು ಮ್ಯಾನೇಜರ್ ಫೈಲಿನಲ್ಲಿ ಮುಖ ಹುದುಗಿಸಿದ. ಹೊಲದ ಆಳನ್ನು ಬಿಡಿಸುವವರೂ ಎದುರಿಗೆ ಕರೆದು ಎರಡು ಮಾತು ಬೈದು ಬಿಡಿಸುತ್ತಾರೆ. ಇವರಿಗೆ ಅಷ್ಟು ಮರ್ಯಾದೆಯೂ ಸಿಗಲಿಲ್ಲ.

ಬ್ಯಾಂಕು ಹೇಳದ ಕಾರಣವನ್ನು ಊರೇ ಹೇಳತೊಡಗಿತು. ಆ ಮನೆಯಲ್ಲಿದ್ದ ದಿಲೀಪನ ತಾಯಿ ಎಂದೋ ಸತ್ತಿದ್ದಾಳಂತೆ, ವೈಜಿನಾಥರು ಆಕೆಯನ್ನು ಮಾತಾಡಿಸಿ ಬಂದರಂತೆ! ಅವರು ಭಾಲ್ಕಿಗೆ ಓಡಿದರು. ಬಾಗಿಲಿಗೆ ಹೊಸ ಬೀಗ. ಪಕ್ಕದವರು "ನಮಗ್ಯಾಕ್ರಿ ಆ ಪಂಚಾಯ್ತಿ" ಎಂದು ಕದ ಹಾಕಿಕೊಂಡರು. ಫೋಟೊ ನೋಡೋಣವೆಂದರೆ ಆ್ಯಪು ತೆರೆಯದು.

ಅಲ್ಲಿಂದ ಅವರಿಗೆ ತಮ್ಮ ಕಣ್ಣಿನ ಮೇಲೇ ನಂಬಿಕೆ ಹೋಯಿತು. ಖಾಸಗಿ ಕೆಲಸಕ್ಕೆ ಹೋದ ಮನೆಗಳಲ್ಲಿ ಬಚ್ಚಲು, ಕಾಳಿನ ಕೋಣೆ ಬಿಡದೆ ಕದ ಬಡಿದು "ಒಳಗ ಯಾರಾರ ಅದಾರೇನ್ರಿ?" ಎಂದು ಕೇಳುವರು. ಬರಬರುತ್ತ ತಮ್ಮ ಮನೆಯಲ್ಲೂ ಕೇಳತೊಡಗಿದರು. "ನಾ ಒಬ್ಬಾಕೇ ಇದೇನ್ರಿ, ಮತ್ಯಾರಿಗಿ ಕೇಳ್ತೀರಿ?" ಎಂದು ಹೆಂಡತಿ ಈಶ್ವರಿ ಅತ್ತರೆ, ಅವರು ಆಕೆಯ ಬೆನ್ನ ಹಿಂದಿನ ಬಾಗಿಲನ್ನೇ ನೋಡುತ್ತಿದ್ದರಂತೆ.

ಅರ್ಜಿಯ ಮೇಲೆ ಅರ್ಜಿ ಹಾಕಿದ ಮೇಲೆ, ಬ್ಯಾಂಕಿನ ಮೇಲಿನ ಕಚೇರಿಯವರು ವಿಚಾರಣೆಗೆ ಕರೆದರು. ತಮ್ಮ ಮೇಲಿನ ದೂರು ಏನೆಂದು ವೈಜಿನಾಥರಿಗೆ ಗೊತ್ತಾದದ್ದೇ ಅಂದು: ಮನೆಗೆ ಬಾರದೆಯೇ, ಸತ್ತ ತಾಯಿ ಅಲ್ಲಿದ್ದಾಳೆಂದು ಸುಳ್ಳು ಬರೆದಿದ್ದಾರೆ ಎಂದು ದಿಲೀಪ ಆಪಾದಿಸಿದ್ದ.

"ತಾಯಿ ಅಂತ ನಾ ಎಲ್ಲಿ ಬರದೇನ್ರಿ? ಒಬ್ಬ ಹೆಣ್ಣಮಗಳು ಅಂತ ಬರದೇನಿ. ಫೋಟೊ ತಗೀರಿ."

ಅಧಿಕಾರಿ ಕಂಪ್ಯೂಟರಿನಲ್ಲಿ ತೆರೆದರು. ಹೊಸ್ತಿಲಲ್ಲಿ ಸುಂದರಬಾಯಿ ನಿಂತಿದ್ದಳು. ವಿಚಾರಿಸಿದಾಗ, ಆಕೆ ದಿಲೀಪನ ತಂದೆಯ ಎರಡನೇ ಹೆಂಡತಿ ಎಂದು ತಿಳಿಯಿತು. ಅದುವರೆಗೆ ಆ ಫೋಟೊವನ್ನು ಯಾರೂ ನೋಡಿಯೇ ಇರಲಿಲ್ಲ. ಇದನ್ನು ಕೇಳಿ ನನಗೆ ಸಿಟ್ಟು ಬರದೆ ಇನ್ನೇನು?

ವೈಜಿನಾಥರನ್ನು ಪ್ಯಾನಲಿಗೆ ಮರಳಿ ಸೇರಿಸಿದರು. ಇನ್ನು ಮುಂದೆ ನೋಟಿಸು ಕೊಡದೆ, ಅವರ ಮಾತು ಕೇಳದೆ ಯಾರನ್ನೂ ತೆಗೆಯುವುದಿಲ್ಲ ಎಂದರು. "ಮತ್ತ ಆಕೀದೇನ್ರಿ?" ಎಂದು ಇವರು ಕೇಳಿದರೆ, ಪ್ಯಾನಲಿನ ಬೇರೊಬ್ಬರು ಮನೆ ಖಾಲಿ ಎಂದು ಬರೆದುಕೊಟ್ಟು ಸಾಲ ಮಂಜೂರಾಗಿದೆ, ಮನೆ ಕೆಡವಿಯಾಗಿದೆ ಎಂಬ ಉತ್ತರ ಬಂತು.

ಹುಡುಕುತ್ತ ಹೋದಾಗ ಆಕೆ ಔರಾದ ಕಡೆಯ ಠಾಣಾ ಕುಶನೂರಿನಲ್ಲಿ, ತಂಗಿಯ ಮನೆಯಲ್ಲಿ ಸಿಕ್ಕಳು. ನಾನೂ ಜೊತೆಗಿದ್ದೆ. ತೊಗರಿ ಹಸನು ಮಾಡುತ್ತಿದ್ದ ಆಕೆಯ ಮುಂದೆ ವೈಜಿನಾಥರು ಕೈ ಮುಗಿದು ನಿಂತು, ತಮ್ಮನ್ನು ತೆಗೆದದ್ದು, ಕರೆದು ಕೇಳಿದ್ದು, ಮರಳಿ ಸೇರಿಸಿದ್ದು ಎಲ್ಲ ಹೇಳಿದರು.

"ನಾ ಬರದಿದ್ದೆ ತಾಯಿ. ನೀವು ಅಲ್ಲೇ ಇದೀರಿ ಅಂತ ಬರದಿದ್ದೆ."

ಸುಂದರಬಾಯಿ ಮೊರ ಕೆಳಗಿಟ್ಟಳು.

"ನಿಮಗ ಕರದು ಕೇಳಿದ್ರು, ಛಲೋ ಆಯ್ತು. ನನಗೂ ಮನಿಯಿಂದ ತಗದ್ರಲ್ರಿ ಸಾಹೇಬ್ರ, ನನಗ ಯಾರ್ ಕರೀತಾರ?"