ಲೂಸಿಯಮ್ಮನ ಆರತಿ

ಬುಕ್ಕಾಪಟ್ಟಣದ ಕಾಡಲ್ಲಿ ಚಿಂಕಾರ ಜಿಂಕೆ ನೋಡಿದ ಅಮೆರಿಕದ ಹೆಂಗಸೊಬ್ಬರನ್ನು ಸಂಜೆ ನನ್ನ ಟ್ಯಾಕ್ಸಿಯಲ್ಲಿ ಸಿರಾಕ್ಕೆ ಕರ್ಕೊಂಡು ಬರ್ತಿದ್ದೆ. ದಾರಿಯ ಹಳ್ಳಿಯಲ್ಲಿ ಹೆಂಗಸರು ತಂಬಿಟ್ಟಿನ ಆರತಿ ತಲೆ ಮೇಲೆ ಹೊತ್ತು ಅಮ್ಮನ ಗುಡಿಗೆ ಹೊರಟಿದ್ದರು. ಈಕೆ ಕಾರು ನಿಲ್ಲಿಸೋಕೆ ಹೇಳಿ ಇಳಿದೇಬಿಟ್ಟರು.

ಈಕೆಯ ಮುತ್ತಜ್ಜಿ ಸ್ವೀಡನ್ನಿಂದ ಹಡಗು ಹತ್ತಿ ಅಮೆರಿಕಕ್ಕೆ ಬಂದವರಂತೆ. ಅವರ ಚರ್ಚಿನಲ್ಲಿ ಇವತ್ತಿಗೂ ಲೂಸಿಯಾ ಎಂಬ ಸಂತಳ ಹಬ್ಬಕ್ಕೆ ಹುಡುಗಿಯರು ತಲೆ ಮೇಲೆ ದೀಪ ಹೊರ್ತಾರಂತೆ. ಆರತಿ ಹೊತ್ತಿದ್ದ ಒಬ್ಬ ಅಜ್ಜಿಗೆ ಅದನ್ನು ಹೇಳಿದೆ.

"ಊರು ಬುಟ್ರೂ ಅಮ್ಮನ್ನ ಬುಟ್ಟಿಲ್ಲ ಕಣಪ್ಪ. ಲೂಸಿಯಮ್ಮ ನಮ್ಮಮ್ಮನ ತಂಗೀನೇ ಇರ್ಬೇಕು," ಅಂತ ಅಜ್ಜಿ ತನ್ನ ಆರತೀನೇ ಈಕೆಯ ತಲೆಗಿಟ್ಟಳು.

ಈಕೆ ಅಲ್ಲಾಡದೆ ನಿಂತು ನನಗೆ ಪಿಸುಗುಟ್ಟಿದರು: ಕೂದಲು ಸುಟ್ಟೀತೆಂದು ಅವರ ಚರ್ಚಿನಲ್ಲೀಗ ಬ್ಯಾಟರಿ ದೀಪವಂತೆ.

"ಏನಂತಪ್ಪ?" ಅಂದಳು ಅಜ್ಜಿ.

"ಬೋ ಖುಷಿಯಾಯ್ತಂತೆ ಕಣಜ್ಜಿ," ಅಂದೆ. ಅಕ್ಕನ ಊರಲ್ಲಿ ತಂಗಿಯ ಮಾನ ಯಾಕೆ ಕಳೀಲಿ?