ದೋಣಿಯ ಮೂತಿಗೆ ಕಟ್ಟಿದ ಗಂಟೆ

ನಮ್ಮ ಬಾವ ದೋಣಿಗೆ ಎಂಜಿನ್ ಕೂಡಿಸಿದ್ದು ತೊಂಬತ್ತನೇ ಇಸವಿ ದಾಟಿದ ಮೇಲೆ. ಯಾವ ವರ್ಷ ಅಂತ ನೆನಪಿಲ್ಲ. ಬಾವ ಅಂದರೆ ನನ್ನ ಗಂಡನ ಅಣ್ಣ. ಮೆಟ್ಟೂರು ಡ್ಯಾಮಿನ ಹಿನ್ನೀರಿನಲ್ಲಿ, ನಮ್ಮ ಪೆನ್ನಾಗರಂ ಕಡೆಯ ದಡದಿಂದ ಆಚೆ ದಡಕ್ಕೆ ಜನರನ್ನು ದಾಟಿಸುವುದು ಅವನ ಕೆಲಸ. ನನ್ನ ಗಂಡ ಅದೇ ನೀರಿನಲ್ಲಿ ಹರಿಗೋಲು ಹಾಕಿಕೊಂಡು ಮೀನು ಹಿಡಿಯುತ್ತಿದ್ದ.

ಹುಟ್ಟು ಹಾಕುವ ಕಾಲದಲ್ಲಿ ಗಂಟೆ ಬೇಕಿರಲಿಲ್ಲ. ಮಂಜಿದ್ದರೆ ಒಬ್ಬ "ಓಯ್" ಅಂದರೆ ಇನ್ನೊಬ್ಬ "ಓಯ್" ಅನ್ನುತ್ತಿದ್ದ, ಅಷ್ಟೇ. ಎಂಜಿನ್ ಬಂದ ಮೇಲೆ ಅದರ ಗಲಾಟೆಯಲ್ಲಿ ದೋಣಿಯವನಿಗೆ ಪಕ್ಕದವನ ಕೆಮ್ಮೂ ಕೇಳಿಸದು. ಹರಿಗೋಲಿನವನಿಗೆ ಎಂಜಿನ್ ಸದ್ದೇನೋ ಕೇಳಿಸುತ್ತದೆ, ಆದರೆ ಗುಡ್ಡಕ್ಕೆ ಬಡಿದು ನಾಲ್ಕೂ ಕಡೆಯಿಂದ ಬರುತ್ತದೆ. ಯಾವ ಕಡೆ ಸರಿಯಬೇಕೋ ಗೊತ್ತಾಗುವುದಿಲ್ಲ. ಗಂಟೆಯ ಸದ್ದು ಹಾಗಲ್ಲ, ಎಲ್ಲಿಂದ ಬಂತು ಅಂತ ಬೆರಳು ಮಾಡಿ ತೋರಿಸಬಹುದು. ಅದಕ್ಕೇ ಲೈಸೆನ್ಸ್ ಕೊಡಲು ಬಂದ ಆಫೀಸರು, ಗಂಟೆ ಇರಲೇಬೇಕು, ಚುಕ್ಕಾಣಿ ಹಿಡಿದವನ ಕೈಗೆ ಸಿಗುವ ಹಾಗೆ ಹಿಂದುಗಡೆ ಇರಬೇಕು ಅಂತ ತಮಿಳಿನಲ್ಲಿ ಎರಡು ಸಲ ಹೇಳಿ ಹೋದರು. ನಾನು ದಡದಲ್ಲಿ ಬಲೆಯ ಸಿಕ್ಕು ಬಿಡಿಸುತ್ತಾ ಕೇಳಿಸಿಕೊಂಡೆ. ಎರಡನೇ ಕ್ಲಾಸು ಓದಿದ ನನಗೇ ಅರ್ಥವಾಯಿತು.

ಬಾವ ಸೇಲಂಗೆ ಹೋಗಿ ಹಿತ್ತಾಳೆ ಗಂಟೆ ತಂದ. ತಂದವನು ಅರಿಶಿನ ಕುಂಕುಮ ಇಟ್ಟು, ದೋಣಿಯ ಮೂತಿಯಲ್ಲಿದ್ದ ಮುರುಗನ ಪಟದ ಪಕ್ಕ ನೇತುಹಾಕಿದ.

"ಬಾವಾ, ಆಪೀಸರು ಇಂದ್ಗಡೆ ಕಟ್ಟಿ ಅಂದ್ರಲ್ಲಾ?" ಅಂದೆ.

"ಇಂದ್ಗಡೆ ಡೀಸೆಲ್ಲು ಗಲೀಜು ಐತೆ, ಜನ ಕಾಲು ಚಾಚ್ಕೊಂಡು ಕೂರ್ತಾರೆ. ಅಲ್ಲಿ ಸಾಮಿ ಗಂಟೆ ಕಟ್ಲಾ?"

"ಅದು ಸಾಮಿಗಾ, ಜನಕ್ಕಾ?"

"ನೋಡಪ್ಪಾ, ನಿನ್ನ ಎಂಡ್ರು ಲೈಸೆನ್ಸು ಕೊಡಾಕೆ ಬಂದವ್ಳೆ," ಅಂತ ಬಾವ ತಮ್ಮನ ಕಡೆ ತಿರುಗಿದ. ನನ್ನ ಗಂಡ ನಕ್ಕ. ಅಣ್ಣ ಏನಂದರೂ ನಗುವುದು ಅವನಿಗೆ ಅಭ್ಯಾಸ.

ಹೀಗೆ ಚುಕ್ಕಾಣಿ ಒಂದು ತುದಿಗೆ, ಗಂಟೆ ಇನ್ನೊಂದು ತುದಿಗೆ ಆಯಿತು. ಮಂಜಿನ ದಿನ ಮುಂದೆ ಕೂತವರು ಯಾರಾದರೂ ಬಾರಿಸುತ್ತಿದ್ದರು.

ಮಂಜು ಬೀಳುವ ಮಾರ್ಗಳಿ ತಿಂಗಳಲ್ಲಿ ಅತ್ತೆ ತೀರಿಕೊಂಡಳು. ಮನೆಗೆ ಹನ್ನೊಂದು ದಿನ ಸೂತಕ. ಸೂತಕದವರು ಗಂಟೆ ಬಾರಿಸಬಾರದು. ಬಾವ ಅತ್ತೆಯ ಹಳೇ ಸೀರೆ ಹರಿದು ಗಂಟೆಯ ನಾಲಿಗೆಗೆ ಸುತ್ತಿ ಬಿಗಿದ. ನಾಲ್ಕನೇ ದಿನಕ್ಕೆ ದೋಣಿ ಇಳಿಸಿದ. ಜನ ಹತ್ತಿಸುವುದಕ್ಕೆ ಸೂತಕವಿಲ್ಲ, ಎಂಜಿನ್ನಿಗೆ ಸೂತಕವಿಲ್ಲ, ಗಂಟೆಗೆ ಮಾತ್ರ ಸೂತಕ.

ಆರನೇ ದಿನ, ಬಲೆ ನೀರಲ್ಲೇ ಕೊಳೆಯುತ್ತದೆ ಅಂತ ನನ್ನ ಗಂಡ ಬೆಳಗಾಗುತ್ತಲೇ ಹರಿಗೋಲು ತಗೊಂಡು ಹೋದ. ಅವನು ಹೋದ ಸ್ವಲ್ಪ ಹೊತ್ತಿಗೆ, ತಿಥಿಯ ಸಾಮಾನು ತರಲು ಆಚೆ ದಡದ ಸಂತೆಗೆ ಅಂತ ನಾನು ದೋಣಿ ಹತ್ತಿದೆ. ಹಿಂದುಗಡೆ, ಬಾವನ ಪಕ್ಕದಲ್ಲೇ ಜಾಗ ಸಿಕ್ಕಿತು. ನಡುನೀರಿಗೆ ಬರುವಷ್ಟರಲ್ಲಿ ಮಂಜು ಕವಿದು, ಕೂತಲ್ಲಿಂದ ದೋಣಿಯ ಮೂತಿಯೇ ಕಾಣದಾಯಿತು.

"ಬಾವಾ, ನಿಮ್ಮ ತಮ್ಮ ಇಲ್ಲೇ ಎಲ್ಲೋ ಅವ್ನೆ. ಮುಂದಿರೋರ್ಗೆ ಗಂಟೆ ಬಾರ್ಸಾಕೆ ಏಳಿ."

"ಸೂತ್ಕ ಕಳೀದೆ ಎಂಗೆ ಬಾರ್ಸಾದು?"

"ಎಂಜಿನ್ನಾದ್ರೂ ನಿಲ್ಸಿ."

"ನಿಲ್ಸಿದ್ರೆ ಮತ್ತೆ ಸ್ಟಾರ್ಟ್ ಆಗಲ್ಲ, ಸುಮ್ಕೆ ಕೂತ್ಕಮ್ಮಾ. ಅವ್ನಿಗೇನು ನೀರು ಒಸ್ದಾ?"

ನಾನು ಎದ್ದೆ. ಗಂಟೆ ಹಿಂದೆ ಇದ್ದಿದ್ದರೆ ಕೂತಲ್ಲೇ ಕೈ ಚಾಚಿದರೆ ಸಾಕಿತ್ತು. ಈಗ ದೋಣಿ ತುಂಬ ಇದ್ದ ಜನರನ್ನು ತುಳಿದುಕೊಂಡು, ರಾಗಿ ಮೂಟೆ ಹತ್ತಿ, ಎರಡು ಮೇಕೆ ದಾಟಿ ಹೋಗಬೇಕಾಯಿತು. "ಅಯ್ಯೋ ನನ್ನ ಕಾಲು! ಕಣ್ಣು ಕಾಣಲ್ವಾ ನಿಂಗೆ?" ಅಂತ ಒಬ್ಬಳು ಬೈದಳು. ಮಂಜಿಗೆ ನೆನೆದ ಬಟ್ಟೆ ಬಿಗಿದುಕೊಂಡಿತ್ತು. ಉಗುರು ಹಾಕಿದೆ, ಹಲ್ಲು ಹಾಕಿದೆ. ಅದು ಸಡಿಲವಾಗುವಷ್ಟರಲ್ಲಿ ಮೂತಿಯ ಕೆಳಗೇ ಹರಿಗೋಲು ಕಂಡಿತು. ಅದರಲ್ಲಿದ್ದ ನನ್ನ ಗಂಡ ನನ್ನನ್ನು ನೋಡಿದ. ದೋಣಿಯನ್ನು ತಳ್ಳಿಬಿಡುತ್ತೇನೆ ಅಂತ ಬಲಗೈ ಚಾಚಿದ. ನಾನು ಗಂಟೆ ಬಾರಿಸಿದ್ದು ಅದಾದ ಮೇಲೆ.

ಜೀವ ಉಳಿಯಿತು. ದೋಣಿಗೂ ಹರಿಗೋಲಿನ ಅಂಚಿಗೂ ನಡುವೆ ಸಿಕ್ಕಿ ಕೈ ನುಜ್ಜಾಗಿತ್ತು. ಧರ್ಮಪುರಿ ಆಸ್ಪತ್ರೆಯವರು ಕೈ ಉಳಿಸಿಕೊಟ್ಟರು, ಬೆರಳು ಮಾತ್ರ ಮಡಚಲು ಬರಲಿಲ್ಲ. ಬಲೆ ಎಳೆಯುವುದು ಅಲ್ಲಿಗೆ ಮುಗಿಯಿತು.

"ಸೂತ್ಕದಾಗೆ ಎಂಗ್ಸು ಗಂಟೆ ಮುಟ್ಟಿದ್ಳು, ಅದಕ್ಕೇ ಇಂಗಾಯ್ತು," ಅಂದಿತು ಊರು. ಬಾವ ಅಲ್ಲ ಅನ್ನಲಿಲ್ಲ. ಗಂಟೆಯನ್ನು ಅರಿಶಿನದ ನೀರಿನಲ್ಲಿ ತೊಳೆದು ಅದೇ ಜಾಗಕ್ಕೆ ಕಟ್ಟಿದ. ಮುಂದಿನ ಸಲ ಆಫೀಸರು ಬಂದಾಗ ಹಿಂದುಗಡೆ ಕಟ್ಟಿ ತೋರಿಸಿದ. ಅವರ ಜೀಪು ಮರೆಯಾದ ಮೇಲೆ ಬಿಚ್ಚಿ ಮುಂದಕ್ಕೆ ತಂದ. ತಮ್ಮನಿಗೆ ಒಂದು ಕೆಲಸವನ್ನೂ ಕೊಟ್ಟ. ಮೂತಿಯಲ್ಲಿ ಕೂತು ಎಡಗೈಯಿಂದ ಗಂಟೆ ಬಾರಿಸುವುದು. "ಎಂತಾ ಅಣ್ಣ ನೋಡು!" ಅಂದಿತು ಊರು. ನನ್ನ ಗಂಡನೂ ಅಂದ.

ಮಾರನೇ ವರ್ಷ ದಾಯಾದಿಯೊಬ್ಬ ಸತ್ತ. ಮತ್ತೆ ಸೂತಕ, ಮತ್ತೆ ಮಂಜು. ಬಾವ ಒಂದು ಬಟ್ಟೆ ತುಂಡು ತಮ್ಮನ ಕೈಗೆ ಕೊಟ್ಟ. ಒಂದೇ ಕೈಯಲ್ಲಿ ಕಟ್ಟಲಾಗದೆ ಅವನು ಅದನ್ನು ಹಿಡಿದುಕೊಂಡು ನಾನು ಒಲೆ ಹಚ್ಚುತ್ತಿದ್ದಲ್ಲಿಗೆ ಬಂದ.

"ದೋಣಿ ತಾವ ಬಂದು ಇದನ್ನ ಕಟ್ಕೊಡು ಬಾ."

"ಸೂತ್ಕದಾಗೆ ನಾನು ಗಂಟೆ ಮುಟ್ಬೌದಾ?"

"ಕಟ್ಟಾಕೆ ತಾನೆ."

"ಓ, ಕಟ್ಟಾಕೆ ಮುಟ್ಬೌದು. ಬಿಚ್ಚಾಕೆ ಮುಟ್ಟಿದ್ರೆ ಮಾತ್ರ ನಿನ್ನ ಕೈ ಓಯ್ತದೆ, ಅಲ್ವಾ?"

"ಅಣ್ಣ ಏಳವ್ನೆ, ಬಾರೇ."

ಬಟ್ಟೆಯನ್ನು ಕಿತ್ತುಕೊಂಡು ಒಲೆಗೆ ತುರುಕಿದೆ. ಅದು ಉರಿಯುವ ತನಕ ನೋಡಿದ. ಆಮೇಲೆ ದೋಣಿಗೆ ಹೋದ.

ಹಿಂದೆಯೇ ನಾನೂ ದಡಕ್ಕೆ ಹೋಗಿ ನಿಂತೆ. ಗಂಟೆಯ ನಾಲಿಗೆಗೆ ಬಟ್ಟೆ ಇರಲಿಲ್ಲ. ಅವನ ಎಡಗೈ ಗಟ್ಟಿಮುಟ್ಟಾಗಿಯೇ ಇತ್ತು. ಮಂಜಿನೊಳಗೆ ಎಂಜಿನ್ ಸದ್ದು ಆಚೆ ದಡ ಸೇರಿ ನಿಲ್ಲುವ ತನಕ ಕಿವಿಗೊಟ್ಟು ನಿಂತಿದ್ದೆ. ಅವನು ಒಂದು ಸಲವೂ ಗಂಟೆ ಬಾರಿಸಲಿಲ್ಲ.